“ಮೇಡಂ, ಒಬ್ಬರೇ ಇಬ್ಬರಾಗಿದ್ದಾರೆ”

ಫೋನ್ ಬಂದಾಗ ಬೆಳಿಗ್ಗೆ ಆರೂಮುಕ್ಕಾಲು. ಜುಲೈ ತಿಂಗಳು, ರಾತ್ರಿಯಿಂದ ಬಿಡದ ಮಳೆ. ನಮ್ಮ ಮನೆಗೆ ಶೀಟಿನ ಮಾಡು. ಆಚೆಯವರ ಮಾತು ಕೇಳಬೇಕಾದರೆ ಒಳಕೋಣೆಗೆ ಓಡಬೇಕು. ನಮ್ಮ ಕೊಡಗು ಜಿಲ್ಲೆಯದೇ ಒಂದು ಆಸ್ಪತ್ರೆಯ ರಾತ್ರಿ ಪಾಳಿಯ ಸಿಸ್ಟರ್ ಮಾತಾಡುತ್ತಿದ್ದರು.

“ಮೇಡಂ, ಇಲ್ಲಿ ಒಬ್ಬರೇ ಇಬ್ಬರಾಗಿದ್ದಾರೆ.”

ನಿದ್ದೆಗಣ್ಣಲ್ಲಿ ಅವಳಿ ಮಕ್ಕಳ ವಿಷಯ ಅಂದುಕೊಂಡೆ. ಅಲ್ಲ. ರಾತ್ರಿ ಅಡ್ಮಿಟ್ ಆದ ಹಿರಿಯರೊಬ್ಬರಿಗೆ ನಮ್ಮ ಸಾಫ್ಟ್‌ವೇರ್‌ನಲ್ಲಿ ಎರಡು ಫೈಲ್ ಇತ್ತು. ಒಂದರಲ್ಲಿ ನಾಲ್ಕು ವರ್ಷದ ಶುಗರ್ ರಿಪೋರ್ಟು, ಪೆನಿಸಿಲಿನ್ ಆಗಿಬರುವುದಿಲ್ಲ ಎಂಬ ಕೆಂಪು ಗುರುತು. ಇನ್ನೊಂದು ರಾತ್ರಿಯಷ್ಟೇ ಹುಟ್ಟಿದ್ದು, ಪೂರ್ತಿ ಖಾಲಿ. ಡಾಕ್ಟರ ಮುಂದೆ ತೆರೆದಿದ್ದದ್ದು ಖಾಲಿ ಫೈಲ್. ಸಿಸ್ಟರಿಗೆ ಆ ಹಿರಿಯರ ಮುಖ ಪರಿಚಯ ಇದ್ದದ್ದರಿಂದ “ಇವರಿಗೆ ಆ ಇಂಜೆಕ್ಷನ್ ಆಗೋದಿಲ್ಲ ಡಾಕ್ಟ್ರೇ” ಅಂದರಂತೆ. ಏನೂ ಅನಾಹುತ ಆಗಲಿಲ್ಲ. ಆದರೆ ತಡೆದದ್ದು ಸಿಸ್ಟರ್, ನಮ್ಮ ಸಾಫ್ಟ್‌ವೇರ್ ಅಲ್ಲ.

ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ನಮ್ಮ ಕಂಪನಿ ದೊಡ್ಡದೂ ಅಲ್ಲ, ತೀರಾ ಚಿಕ್ಕದೂ ಅಲ್ಲ. 300ರ ಆಸುಪಾಸು ಜನ. ಆಫೀಸು ಮೈಸೂರಿನಲ್ಲಿ. ನಾನು ಸಿದ್ದಾಪುರದ ಹತ್ತಿರ ಮನೆಯಲ್ಲೇ ಕೂತು ಕೆಲಸ ಮಾಡುತ್ತೇನೆ, ತಿಂಗಳಿಗೆ ಎರಡು ಮೂರು ದಿನ ಹೋಗಿಬರುತ್ತೇನೆ. ಲ್ಯಾಬಿನ ಮೆಷಿನ್, ಫಾರ್ಮಸಿ, ಬಿಲ್ಲಿಂಗ್, ಇನ್ಶೂರೆನ್ಸ್ ಇವೆಲ್ಲ ಒಂದರೊಡನೊಂದು ಮಾತಾಡುವ ಹಾಗೆ ಮಾಡುವುದು ನನ್ನ ಕೆಲಸ. ಕಾಗದದ ಮೇಲೆ ಅಷ್ಟೇ. ನಿಜದಲ್ಲಿ ಬೆಳಿಗ್ಗೆ ಕೋಡ್, ಮಧ್ಯಾಹ್ನ ಫೋನ್, ಸಂಜೆ ಯಾವುದೋ ಆಸ್ಪತ್ರೆಯ ಹೊಸ ಸಿಸ್ಟರುಗಳಿಗೆ ಟ್ರೈನಿಂಗ್. ದೊಡ್ಡ ಕಂಪನಿಯಲ್ಲಿದ್ದಾಗ ನಾನು ಬರೆದ ಕೋಡನ್ನು ಯಾರು ಬಳಸುತ್ತಾರೆ ಅಂತ ಎರಡು ವರ್ಷವಾದರೂ ಗೊತ್ತಾಗಿರಲಿಲ್ಲ. ಇಲ್ಲಿ ಬಳಸುವವರ ಹತ್ತಿರ ನನ್ನ ನಂಬರ್ ಇದೆ. ಇದು ಒಳ್ಳೆಯದೋ ಕೆಟ್ಟದ್ದೋ ಎಂಬುದು ಫೋನ್ ಬರುವ ಹೊತ್ತಿನ ಮೇಲೆ ಹೋಗುತ್ತದೆ.

ಆ ಎರಡು ಫೈಲಿನ ಮೂಲ ಹುಡುಕಿದರೆ ಸಿಕ್ಕಿದ್ದು ಹೆಸರು.

ನಮ್ಮಲ್ಲಿ ಕೊಡವರಿಗೂ ಅರೆಭಾಷೆ ಗೌಡರಿಗೂ ಮನೆಹೆಸರು ಮೊದಲು ಬರುತ್ತದೆ. ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪ ಅವರ ಹೆಸರನ್ನೇ ನೋಡಿ. ಕೊಡಂದೇರ ಮನೆತನ, ಮಾದಪ್ಪ ತಂದೆ, ಕೊನೆಗೆ ಬರುವ ಕಾರ್ಯಪ್ಪ ಅವರ ಸ್ವಂತ ಹೆಸರು. ನಮ್ಮ ಸಾಫ್ಟ್‌ವೇರ್‌ನಲ್ಲಿ ಇದ್ದದ್ದು ಎರಡೇ ಡಬ್ಬಿ: ಫಸ್ಟ್ ನೇಮ್, ಲಾಸ್ಟ್ ನೇಮ್. ಹಗಲು ಕೌಂಟರಿನಲ್ಲಿ ಕೂರುವ ಹುಡುಗಿ ಮೊದಲು ಬರುವುದೇ ಫಸ್ಟ್ ಅಂತ ಮನೆಹೆಸರನ್ನು ಅಲ್ಲಿ ತುಂಬುತ್ತಿದ್ದಳು. ರಾತ್ರಿಯ ಹುಡುಗ ಸ್ವಂತ ಹೆಸರನ್ನು ಅಲ್ಲಿ ಹಾಕಿ ಮನೆಹೆಸರನ್ನು ಲಾಸ್ಟ್‌ಗೆ ತಳ್ಳುತ್ತಿದ್ದ. ಇಬ್ಬರದೂ ಸರಿಯೇ ಅಲ್ವಾ? ಲ್ಯಾಬಿಗೆ ಹೋಗುವ ಸಂದೇಶದ್ದು ಇನ್ನೊಂದು ಕಥೆ. ಆಸ್ಪತ್ರೆಯ ಯಂತ್ರಗಳು ಮಾತಾಡುವ ಭಾಷೆ ಎಚ್‌ಎಲ್7. ಅದನ್ನು ರೂಪಿಸಿದ ಸಂಸ್ಥೆ ಅಮೆರಿಕದಲ್ಲಿ 1987ರಲ್ಲಿ ಶುರುವಾದದ್ದು. ಅದರಲ್ಲಿ ರೋಗಿಯ ವಿವರ ಬರುವ ಸಾಲಿನ ಐದನೇ ಜಾಗದಲ್ಲಿ ಕುಟುಂಬದ ಹೆಸರು ಮುಂದೆ, ಸ್ವಂತ ಹೆಸರು ಹಿಂದೆ. ಹಗಲು ನೋಂದಾಯಿಸಿದವರ ಹೆಸರು ಲ್ಯಾಬಿಗೆ ತಿರುಗುಮುರುಗಾಗಿ ತಲುಪುತ್ತಿತ್ತು.

ಒಂದೇ ಹೆಸರಿನವರನ್ನು ಹಿಡಿಯಲು ನಮ್ಮಲ್ಲಿ ಒಂದು ಹುಡುಕಾಟ ಇತ್ತು, ಸೌಂಡೆಕ್ಸ್ ಅಂತ. ಉಚ್ಚಾರಣೆ ಹತ್ತಿರ ಇದ್ದರೆ ಹಿಡಿದು ಕೊಡುತ್ತದೆ. 1918ರಲ್ಲಿ ಪೇಟೆಂಟ್ ಆದ ಅಜ್ಜನ ಕಾಲದ ಉಪಾಯ. ಅದು ಹೆಸರಿನ ಮೊದಲ ಅಕ್ಷರವನ್ನು ಹಾಗೇ ಇಟ್ಟುಕೊಂಡು ಉಳಿದ ವ್ಯಂಜನಗಳಿಗೆ ಅಂಕಿ ಕೊಡುತ್ತದೆ. ಕಾರ್ಯಪ್ಪ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬರು ‘ಸಿ’ಯಿಂದ ಬರೆಯುತ್ತಾರೆ, ಒಬ್ಬರು ‘ಕೆ’ಯಿಂದ. ಮೊದಲನೆಯದಕ್ಕೆ ಸಿ610, ಎರಡನೆಯದಕ್ಕೆ ಕೆ610. ಅಂಕಿ ಅದೇ, ತಲೆ ಬೇರೆ. ಸೌಂಡೆಕ್ಸಿನ ಲೆಕ್ಕದಲ್ಲಿ ಇವರಿಬ್ಬರಿಗೂ ಸಂಬಂಧವೇ ಇಲ್ಲ. ಮದುವೆಯಾದ ಮೇಲೆ ಹೆಣ್ಣುಮಕ್ಕಳ ಮನೆಹೆಸರು ಬದಲಾಗುವುದನ್ನಂತೂ ಅದು ಕನಸಿನಲ್ಲೂ ಕಂಡಿಲ್ಲ.

“ಎಲ್ಲರಿಗೂ ಆಭಾ ನಂಬರ್ ಮಾಡಿಸಿಬಿಟ್ಟರೆ ಮುಗೀತಲ್ಲ” ಅಂದರು ನಮ್ಮ ಮ್ಯಾನೇಜರ್. ಸರ್ಕಾರ ಕೊಡುವ 14 ಅಂಕಿಯ ಆ ಆರೋಗ್ಯ ಗುರುತಿನ ನಂಬರ್ ಒಳ್ಳೆಯದೇ, ನಾವು ಜೋಡಿಸಿಯೂ ಇದ್ದೇವೆ. ಆದರೆ ರಾತ್ರಿ ಹನ್ನೊಂದಕ್ಕೆ ಪಿಕಪ್ಪಿನಲ್ಲಿ ತಂದು ಇಳಿಸಿದ ತೋಟದ ಕಾರ್ಮಿಕ ಯಾವ ನಂಬರ್ ಹೇಳಿಯಾನು?

ಕೋಡ್ ಸರಿ ಮಾಡಲು ಮೂರು ವಾರ ಸಾಕಾಯಿತು. ಹೆಸರನ್ನು ಅವರು ಹೇಳಿದ ಹಾಗೇ ಪೂರ್ತಿಯಾಗಿ ಒಂದೇ ಡಬ್ಬಿಯಲ್ಲಿ ಬರೆದುಕೊಳ್ಳುವುದು, ಮನೆಹೆಸರು ಯಾವುದು ಅಂತ ಬೇರೆಯಾಗಿ ಕೇಳುವುದು, ಊರು ಮತ್ತು ಹುಟ್ಟಿದ ವರ್ಷ ಸೇರಿಸಿ ಹುಡುಕುವುದು. ಹಳೆಯ ಫೈಲುಗಳನ್ನು ಒಂದು ಮಾಡಲು ನಾಲ್ಕು ತಿಂಗಳು ಹಿಡಿಯಿತು. ಒಬ್ಬರನ್ನು ಇಬ್ಬರು ಮಾಡುವುದಕ್ಕಿಂತ ಇಬ್ಬರನ್ನು ಒಬ್ಬರು ಮಾಡುವುದು ಜಾಸ್ತಿ ಅಪಾಯ. ಒಬ್ಬರ ರಕ್ತದ ಗುಂಪು ಇನ್ನೊಬ್ಬರ ಫೈಲಿಗೆ ಹೋದರೆ ಕೇಳಬೇಕೇ?

ಕಂಪ್ಯೂಟರ್ ನಾನೂರು ಚಿಲ್ಲರೆ ಜೋಡಿ ಹುಡುಕಿ ಕೊಟ್ಟಿತು. ಅದನ್ನು ಪ್ರಿಂಟ್ ಮಾಡಿಕೊಂಡು ಆಸ್ಪತ್ರೆಯ ರೆಕಾರ್ಡ್ ರೂಮಿಗೆ ಹೋದೆ. ಅಲ್ಲಿಯ ಅಕ್ಕ ಇಪ್ಪತ್ತು ವರ್ಷದಿಂದ ಫೈಲು ಜೋಡಿಸಿದವರು. ಕನ್ನಡಕ ಏರಿಸಿ, ಪೆನ್ಸಿಲ್ ಹಿಡಿದು ಕೂತರು.

“ಇದು ಒಬ್ಬರೇ. ಇದೂ ಒಬ್ಬರೇ. ಇದು ಬೇಡ, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು. ಇಬ್ಬರಿಗೂ ಅಜ್ಜನ ಹೆಸರು ಇಟ್ಟಿದ್ದಾರೆ. ಒಬ್ಬ ನಾಪೋಕ್ಲಲ್ಲಿ ಇರೋದು, ಇನ್ನೊಬ್ಬ ಮಿಲಿಟ್ರಿಯಿಂದ ಬಂದು ಇಲ್ಲೇ ಪೇಟೇಲಿ ಮನೆ ಕಟ್ಟಿದ.”

ವಯಸ್ಸಿನಲ್ಲಿ ಒಂದೇ ವರ್ಷದ ವ್ಯತ್ಯಾಸ. ನಮ್ಮ ಹುಡುಕಾಟ ಅವರಿಬ್ಬರಿಗೆ ನೂರಕ್ಕೆ 96 ಅಂಕ ಕೊಟ್ಟಿತ್ತು. ಅವತ್ತೇ ತಾನಾಗಿ ಒಂದು ಮಾಡುವ ಬಟನ್ ತೆಗೆಸಿಹಾಕಿದೆ.

ಮಳೆಗಾಲ ಇನ್ನೊಂದು ಪಾಠ. ಮೈಸೂರಿನ ಮೀಟಿಂಗಿನಲ್ಲಿ ಒಬ್ಬರು ಕೇಳಿದರು: “ನೆಟ್ ಹೋದರೆ ಎಷ್ಟು ಹೊತ್ತು ಹೋಗಬಹುದು? ಹದಿನೈದು ನಿಮಿಷ?” 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿ ರಸ್ತೆಗಳೇ ಇಲ್ಲವಾದದ್ದನ್ನು ಕಂಡವಳು ನಾನು. ನಗು ತಡೆಯಲಿಲ್ಲ. ಅಷ್ಟು ದೂರ ಬೇಡ, ಸಾಧಾರಣ ಮಳೆಗೇ ಒಂದು ಮರ ಬಿದ್ದರೆ ಕರೆಂಟು, ಕೇಬಲ್ಲು ಎರಡೂ ಹೋದವು. ಆಸ್ಪತ್ರೆಗೆ ಜನರೇಟರ್ ಇದೆ, ಕೇಬಲ್ಲಿಗೆ ಜನರೇಟರ್ ಇಲ್ಲ.

ಅಂಥ ಹೊತ್ತಿನಲ್ಲಿ ಸಿಸ್ಟರುಗಳು ಕಾಗದದಲ್ಲಿ ಬರೆದಿಡುತ್ತಾರೆ, ನೆಟ್ ಬಂದ ಮೇಲೆ ಕಂಪ್ಯೂಟರಿಗೆ ಹಾಕುತ್ತಾರೆ. ಮಧ್ಯಾಹ್ನ ಎರಡಕ್ಕೆ ಕೊಟ್ಟ ಮಾತ್ರೆಯನ್ನು ರಾತ್ರಿ ಒಂಬತ್ತಕ್ಕೆ ಹಾಕಿದರೆ, ನಮ್ಮ ಸಾಫ್ಟ್‌ವೇರ್ ಒಂಬತ್ತಕ್ಕೇ ಕೊಟ್ಟದ್ದು ಅಂದುಕೊಂಡು ಮುಂದಿನ ಡೋಸನ್ನು ಬೆಳಗಿನ ಜಾವಕ್ಕೆ ತಳ್ಳುತ್ತಿತ್ತು. ಕೊಟ್ಟ ಹೊತ್ತು ಬೇರೆ, ಬರೆದ ಹೊತ್ತು ಬೇರೆ. ಇಷ್ಟು ಸಣ್ಣ ವಿಷಯ ಡಿಸೈನ್ ಮಾಡಿದ ನಮಗೆ ಯಾರಿಗೂ ಹೊಳೆದಿರಲಿಲ್ಲ, ಸುಮ್ನೆ ಕಂಪ್ಯೂಟರಿನ ಗಡಿಯಾರ ನಂಬಿದ್ದೆವು.

ಗೋಳು ಇಲ್ಲವೇ ಅಂದರೆ, ಬೇಕಾದಷ್ಟಿದೆ. ಪ್ರತಿ ಆಸ್ಪತ್ರೆಗೂ ಅದರದೇ ಡಿಸ್ಚಾರ್ಜ್ ಸಮ್ಮರಿ ಬೇಕು, ಲೋಗೋ ಎರಡು ಮಿಲಿಮೀಟರ್ ಎಡಕ್ಕೆ ಬೇಕು. ಮಾರಾಟದವರು ಒಪ್ಪಿಕೊಂಡು ಬಂದದ್ದು ನಮಗೆ ಗೊತ್ತಾಗುವುದು ಕೊನೇ ವಾರದಲ್ಲಿ. ಇನ್ಶೂರೆನ್ಸ್ ಭಾಗದ ಹಳೇ ಕೋಡ್ ಗೊತ್ತಿರುವುದು ಒಬ್ಬರಿಗೇ. ಅವರು ತಂಗಿಯ ಮದುವೆಗೆ ರಜೆ ಹಾಕಿದರೆ ಇಡೀ ಟೀಮಿಗೆ ಚಳಿ ಜ್ವರ. ಸಂಬಳ ಬೆಂಗಳೂರಿನ ಗೆಳತಿಯರಿಗಿಂತ ಕಡಿಮೆ. ಶಾಪಿಂಗ್ ಆ್ಯಪಿನಲ್ಲಿರುವ ಒಬ್ಬಳು ದಿನಕ್ಕೆ ನಾಲ್ಕು ಸಲ ಹೊಸ ಕೋಡ್ ಬಿಡುತ್ತಾಳೆ. ನಾವು ತಿಂಗಳಿಗೊಮ್ಮೆ, ಅದೂ ರಾತ್ರಿ ಒಂದು ಗಂಟೆಗೆ. ಈ ಕೊನೆಯದರ ಬಗ್ಗೆ ಮಾತ್ರ ನನಗೆ ದೂರಿಲ್ಲ.

ಯಾರೂ ಮೊದಲೇ ಹೇಳದ ಕಷ್ಟ ಬೇರೆ ಇದೆ. ನಮ್ಮದು ಸಣ್ಣ ಜಿಲ್ಲೆ. ಒಂದು ದಿನ ಯಾವುದೋ ದೋಷ ಹುಡುಕುತ್ತಾ ಲಾಗ್, ಅಂದರೆ ಸಾಫ್ಟ್‌ವೇರ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ದಾಖಲೆ, ನೋಡುತ್ತಿದ್ದೆ. ಗುರುತಿನ ಮನೆಹೆಸರು ಕಂಡಿತು, ಪಕ್ಕದಲ್ಲೇ ರಿಪೋರ್ಟು. ಕಣ್ಣು ಓದಿಯಾಗಿತ್ತು, ಅದನ್ನು ವಾಪಸ್ ತೆಗೆಯಲು ಬರುವುದಿಲ್ಲ. ಅವತ್ತೇ ಬರೆದು ಕೇಳಿದೆ, ಲಾಗಿನಲ್ಲಿ ಹೆಸರು ಮುಚ್ಚಿಹೋಗಬೇಕು ಅಂತ. 2023ರಲ್ಲಿ ಡೇಟಾ ರಕ್ಷಣೆಯ ಕಾನೂನು ಬಂದಿದ್ದರಿಂದ ಬೇಗ ಒಪ್ಪಿದರು. ಆಮೇಲೆ ಹೆಸರಿನ ಗೊಂದಲ ಪರೀಕ್ಷಿಸಲು ನಿಜವಾದ ಹೆಸರುಗಳೇ ಇಲ್ಲವಾಯಿತು. ಇಲ್ಲದ ಮನೆಹೆಸರುಗಳನ್ನು ನಾನೇ ಕಟ್ಟಿದೆ. ಅವ್ವ ಪಟ್ಟಿ ನೋಡಿ, “ಇದ್ಯಾವ ಊರಿನವರು? ಕೇಳಿಯೇ ಇಲ್ಲವಲ್ಲ” ಅಂದರು.

ಲಾಗ್ ನೋಡಿದ ಎರಡು ವಾರಕ್ಕೆ ವಿರಾಜಪೇಟೆಯಲ್ಲೊಂದು ಮದುವೆ. ಊಟಕ್ಕೆ ಕೂತರೆ ಪಕ್ಕದಲ್ಲಿ ಅವರೇ.

“ಆರಾಮಾ ಅಕ್ಕ?”

“ನನಗೇನು, ಗುಂಡುಕಲ್ಲು” ಅಂದರು, ನಗುತ್ತಾ.

“ಮತ್ತೆ!” ಅಂದೆ. ಕಡಂಬುಟ್ಟಿನ ಪಾತ್ರೆ ಬಂತು. ಅವರಿಗೆ ಒಂದು ಜಾಸ್ತಿ ಹಾಕಿಸಿದೆ.