ಕಮಟು ಬೆಣ್ಣೆಯ ವಾಸನೆ ಮತ್ತು ಅಳಿಸಿಹೋಗುವ ಗುರುತು

ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶಗಳಾದ ಹೀಲಾ ಕೋಶಗಳಲ್ಲಿ, ಡಿಎನ್‌ಎ ಸುತ್ತಿಕೊಳ್ಳುವ ಹಿಸ್ಟೋನ್ ಪ್ರೋಟೀನುಗಳಲ್ಲೊಂದಾದ ಎಚ್‌3ರ 27ನೆಯ ಸ್ಥಾನದ ಲೈಸಿನ್ ಎಂಬ ಅಮೈನೋ ಆಮ್ಲದ ಮೇಲೆ ಯಾವ ರಾಸಾಯನಿಕ ಗುರುತಿದೆ ಎಂದು ಅಳೆಯುವುದು ನನಗೆ ಒಪ್ಪಿಸಿದ್ದ ಕೆಲಸ. ಆ ಜಾಗದಲ್ಲಿ ಅಸಿಟೈಲ್ ಕೂತರೆ ವಂಶವಾಹಿ ಸಾಮಾನ್ಯವಾಗಿ ಸಕ್ರಿಯ, ಮೂರು ಮೀಥೈಲ್‌ಗಳು ಕೂತರೆ ಸ್ತಬ್ಧ. ಒಂದೇ ಲೈಸಿನ್‌ನಲ್ಲಿ ಎರಡಕ್ಕೂ ಎಡೆಯಿಲ್ಲ. ಸದಾ ದುಡಿಯುವ ಜಿಎಪಿಡಿಎಚ್ ಮತ್ತು ಸ್ನಾಯುಕೋಶಗಳಿಗೆ ಮೀಸಲಾದ ಮಯೋಡಿ, ಈ ಎರಡು ವಂಶವಾಹಿಗಳನ್ನು ಹೋಲಿಕೆಗೆ ಆರಿಸಿಕೊಂಡೆ.

ಫಾರ್ಮಾಲ್ಡಿಹೈಡ್‌ನಿಂದ ಹಿಸ್ಟೋನನ್ನು ಡಿಎನ್‌ಎಗೆ ಬೆಸೆಯುವ ರೂಢಿಯ ವಿಧಾನವನ್ನು ಬಿಟ್ಟು, ಕೋಶಕೇಂದ್ರಗಳನ್ನು ಬೇರ್ಪಡಿಸಿ, ಮೈಕ್ರೋಕಾಕಲ್ ನ್ಯೂಕ್ಲಿಯೇಸ್ ಕಿಣ್ವದಿಂದ ಕ್ರೊಮ್ಯಾಟಿನನ್ನು, ಅಂದರೆ ಹಿಸ್ಟೋನುಗಳಿಗೆ ಸುತ್ತಿಕೊಂಡ ಡಿಎನ್‌ಎಯನ್ನು, ಕತ್ತರಿಸಿದೆ. ಕ್ಯಾಲ್ಸಿಯಂ ಇದ್ದರಷ್ಟೇ ಕೆಲಸ ಮಾಡುವ ಈ ಕಿಣ್ವ, ಎಂಟು ಹಿಸ್ಟೋನುಗಳ ಉಂಡೆಗೆ ಸುತ್ತಿಕೊಂಡ ಸುಮಾರು 147 ಪ್ರತ್ಯಾಮ್ಲ ಜೋಡಿಗಳನ್ನು ಬಹುಮಟ್ಟಿಗೆ ಉಳಿಸಿ, ಉಂಡೆಗಳ ನಡುವಿನ ಡಿಎನ್‌ಎಯನ್ನು ಕಡಿಯುತ್ತದೆ. ಜೆಲ್‌ನಲ್ಲಿ ಏಣಿಯ ಮೆಟ್ಟಿಲುಗಳಂತೆ ಪಟ್ಟಿಗಳು ಮೂಡಿದಾಗ ಅರ್ಧ ಕೆಲಸ ಮುಗಿಯಿತೆಂದೇ ಭಾವಿಸಿದ್ದೆ.

ಮುಂದೆ, ಆಯಾ ಗುರುತಿಗೆ ಅಂಟುವ ಪ್ರತಿಕಾಯದಿಂದ ತುಣುಕುಗಳನ್ನು ಹಿಡಿದೆ. ಆದರೆ ಮಯೋಡಿಯಲ್ಲಿ ಮೀಥೈಲ್ ಗುರುತು ಸ್ಪಷ್ಟವಾಗಿ ಸಿಕ್ಕರೂ, ಜಿಎಪಿಡಿಎಚ್‌ನಲ್ಲಿ ಸಿಗಲೇಬೇಕಿದ್ದ ಅಸಿಟೈಲ್ ಗುರುತು ಹಿನ್ನೆಲೆಯ ಮಟ್ಟವನ್ನು ದಾಟಲಿಲ್ಲ. ಒಂದು ತಿಂಗಳು ಪ್ರತಿಕಾಯವನ್ನೇ ಶಂಕಿಸಿದೆ, ಹೊಸದನ್ನೂ ತರಿಸಿದೆ. ಕೊನೆಗೆ, ನೇರವಾಗಿ ಕುದಿಸಿದ ಕೋಶಗಳ ಹಿಸ್ಟೋನನ್ನೂ ನನ್ನ ಕೊಳವೆಯ ಹಿಸ್ಟೋನನ್ನೂ, ಪ್ರೋಟೀನನ್ನು ಪಟ್ಟಿಯಾಗಿ ತೋರಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಅಕ್ಕಪಕ್ಕ ಇಟ್ಟಾಗ ತಪ್ಪು ಕಣ್ಣಿಗೆ ಬಿತ್ತು: ನನ್ನದರಲ್ಲಿ ಅಸಿಟೈಲ್ ಪಟ್ಟಿ ಮಾಸಿಹೋಗಿತ್ತು. ಬೆಸೆಯದ ಕೋಶಕೇಂದ್ರದಲ್ಲಿ ಅಸಿಟೈಲನ್ನು ಕಳಚುವ ಡಿಅಸಿಟೈಲೇಸ್ ಕಿಣ್ವಗಳು ಇನ್ನೂ ಚುರುಕಾಗಿದ್ದು, 37 ಡಿಗ್ರಿಯ ನೀರಿನಲ್ಲಿ ನಾನು ಕತ್ತರಿಸುತ್ತಿದ್ದಷ್ಟು ಹೊತ್ತೂ ಗುರುತನ್ನು ಒರೆಸುತ್ತಲೇ ಇದ್ದವು. ಈ ಮೂರು ಮೀಥೈಲ್‌ಗಳನ್ನು ತೆಗೆಯುವ ಕಿಣ್ವಗಳಿಗಾದರೋ ಕಬ್ಬಿಣವೂ ಆಲ್ಫಾ ಕೀಟೋಗ್ಲುಟರೇಟೂ ಬೇಕು. ಅವೆರಡೂ ತೊಳೆದುಹೋಗಿದ್ದರಿಂದಲೇ ಮೀಥೈಲ್ ಗುರುತು ಉಳಿದುಕೊಂಡಿತೆಂದು ನನ್ನ ಊಹೆ.

ಪರಿಹಾರ ಅಗ್ಗದ್ದು. ಪ್ರತಿಯೊಂದು ಬಫರ್‌ಗೂ ಡಿಅಸಿಟೈಲೇಸ್‌ಗಳನ್ನು ತಡೆಯುವ ಸೋಡಿಯಂ ಬ್ಯುಟಿರೇಟನ್ನು 10 ಮಿಲಿಮೋಲಾರ್‌ನಷ್ಟು ಬೆರೆಸಿದೆ. ಇದು ಹೀಲಾ ಕೋಶಗಳಲ್ಲಿ ಹಿಸ್ಟೋನುಗಳ ಅಸಿಟೈಲನ್ನು ಹೆಚ್ಚಿಸುತ್ತದೆಂಬುದು 1977ರಲ್ಲೇ ಪ್ರಕಟವಾಗಿತ್ತು. ಡಬ್ಬಿ ತೆರೆದೊಡನೆ ಕಮಟು ಬೆಣ್ಣೆಯ ವಾಸನೆ ಮೂಗಿಗೆ ಬಡಿದು, ಕೈಗವಸಿನಲ್ಲಿ ಸಂಜೆಯವರೆಗೂ ಉಳಿಯುತ್ತಿತ್ತು. ಪಕ್ಕದ ಮೇಜಿನವರ ಗೊಣಗಾಟದ ನಡುವೆಯೇ ಜಿಎಪಿಡಿಎಚ್‌ನ ಗುರುತು ಮರಳಿತು.

ಇನ್ನೊಂದು ಎಡವಟ್ಟು ಕೂದಲೆಳೆಯಲ್ಲಿ ತಪ್ಪಿತು. ಸಕ್ರಿಯ ವಂಶವಾಹಿಯ ಆರಂಭದಲ್ಲಿ ನ್ಯೂಕ್ಲಿಯೋಸೋಮುಗಳೇ (ಡಿಎನ್‌ಎ ಸುತ್ತಿಕೊಂಡ ಆ ಹಿಸ್ಟೋನ್ ಉಂಡೆಗಳು) ವಿರಳವಾಗಿರುವುದರಿಂದ, ಅಲ್ಲಿನ ಒಟ್ಟು ಎಚ್‌3ರಿಂದ ಭಾಗಿಸದಿದ್ದರೆ ಅಸಿಟೈಲ್ ಇರುವುದಕ್ಕಿಂತ ಕಡಿಮೆಯೆಂದೇ ತೋರುತ್ತದೆ.

ಈಗ ಪ್ರತಿ ತಯಾರಿಯಲ್ಲೂ ಬ್ಯುಟಿರೇಟ್ ಇಲ್ಲದ ಒಂದು ಕೊಳವೆಯನ್ನು ಬೇಕೆಂದೇ ಇಡುತ್ತೇನೆ. ಆ ದಿನ ಎಷ್ಟು ಗುರುತು ಅಳಿಸಿಹೋಗುತ್ತಿತ್ತೆಂಬುದನ್ನು ಅದೇ ಹೇಳುತ್ತದೆ.