ಎರೆಯುವ ಮೊದಲು ಹತ್ತು ನಿಮಿಷ: ನನ್ನ ಅನುಭವ

ಕೂಸನ್ನು ದಿನಾ ಸ್ವಲ್ಪ ಹೊತ್ತು ಬೋರಲು ಮಲಗಿಸಿ ಅಂತ ನಾವು ಅಂಗನವಾಡಿಯವರು ಮನೆ ಭೇಟಿಗೆ ಹೋದಾಗೆಲ್ಲ ಹೇಳುತ್ತೇವೆ. ಮನೆಯವರು ಹೂಂ ಅನ್ನುತ್ತಾರೆ. ನಾವು ಅಂಗಳ ದಾಟುವ ಹೊತ್ತಿಗೆ ಕೂಸು ಮತ್ತೆ ಜೋಲಿಯೊಳಗೆ. ಬ್ಯಾಡಗಿ ಕಡೆಯ ನನ್ನ ಅಂಗನವಾಡಿಯಲ್ಲೂ ವರ್ಷಗಟ್ಟಲೆ ಇದೇ ನಡೆಯಿತು. ಈಗ ಸುಮಾರು ಮನೆಗಳಲ್ಲಿ ನಾನು ಹೇಳದೆಯೇ ಮಾಡುತ್ತಾರೆ. "ಇದೆಲ್ಲ ಹಳ್ಳಿಯಲ್ಲಿ ಆಗೋ ಮಾತಲ್ಲ" ಅಂದಿದ್ದ ಪಕ್ಕದೂರಿನ ಟೀಚರ್ ಕೂಡ ಬಂದು ನೋಡಿಕೊಂಡು ಹೋದರು.

ಮೊದಲು ದುಡ್ಡು ಹೋದ ಕಥೆ. 2024ರಲ್ಲಿ ಮೂರು ವರ್ಷದೊಳಗಿನ ಮಕ್ಕಳ ಬೆಳವಣಿಗೆಗೆ ಅಂತ ಕೇಂದ್ರ ಸರ್ಕಾರದ ನವಚೇತನದ ಕ್ಯಾಲೆಂಡರ್ ಬಂತಲ್ಲ, 36 ತಿಂಗಳಿಗೆ 140 ಚಟುವಟಿಕೆ. ಹುಮ್ಮಸ್ಸಿನಲ್ಲಿ ಸ್ವಂತ ದುಡ್ಡಲ್ಲೇ ಸಾಮಾನು ತಂದೆ. ಫೋಮ್ ಮ್ಯಾಟ್, ಕಪ್ಪು-ಬಿಳುಪು ಕಾರ್ಡು, ಲೈಟು ಹತ್ತಿ ಹಾಡು ಹೇಳುವ ಆಟಿಕೆ. ಸಾವಿರದ ಮುನ್ನೂರೋ ನಾನೂರೋ ಆಯಿತು. ನಮ್ಮ ಗೌರವಧನ ಎಷ್ಟು ಅಂತ ನಿಮಗೆ ಗೊತ್ತೇ ಇದೆ. ಮ್ಯಾಟ್ ಮೇಲೆ ಒಂದು ಮನೆಯವರು ಮೆಣಸಿನಕಾಯಿ ಹರವಿದ್ದರು. ಹಾಡಿನ ಆಟಿಕೆ ಮುಂದಿಟ್ಟರೆ ಕೂಸು ಸುಮ್ನೆ ನೋಡುತ್ತಾ ಬಿದ್ದಿರುತ್ತಿತ್ತು, ಒಂದು ದನಿ ಇಲ್ಲ. ಇನ್ನೊಂದು ಮನೆಯಲ್ಲಿ ಹಾಲು ಕುಡಿಸಿದ ಕೂಡಲೇ ಬೋರಲು ಹಾಕಿದರು, ಕೂಸು ಕಕ್ಕಿತು. ಅಲ್ಲಿಂದ ಓಣಿಗೆಲ್ಲ ಒಂದೇ ಮಾತು: "ಡಬ್ಬ ಹಾಕಿದ್ರ ಕೂಸಿನ ಎದಿ ಒತ್ತತೈತ್ರಿ ಅಕ್ಕೋರ."

ಒಂದು ದಿನ ಹೋದಾಗ ಆ ಮಾತು ಹೇಳಿದ ಅಜ್ಜಿಯೇ ಕೂಸಿಗೆ ಎರೆಯಲು ಕೂತಿದ್ದರು. ಎರಡೂ ಕಾಲು ಉದ್ದಕ್ಕೆ ಚಾಚಿ, ಮೇಲೆ ಕೂಸನ್ನು ಬೋರಲು ಹಾಕಿ, ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದರು! "ಅಜ್ಜಿ, ನಾ ಹೇಳಾಕತ್ತಿದ್ದು ಇದನ್ನ ಅಲ್ಲೇನ್ರಿ" ಅಂದೆ. ನಕ್ಕುಬಿಟ್ಟರು.

ಆಮೇಲೆ ನಾನು ಹೊಸದೇನನ್ನೂ ಹೇಳಲಿಲ್ಲ. ಎಣ್ಣೆ ಹಚ್ಚೋದನ್ನು ಬಚ್ಚಲಿನಿಂದ ಪಡಸಾಲೆಗೆ ತಂದು, ಸ್ವಲ್ಪ ಉದ್ದ ಮಾಡಿಸಿದೆ ಅಷ್ಟೇ. ಹಾಲು ಕುಡಿಸೋದು ಎರೆದ ಮೇಲೆ, ಹಾಗಾಗಿ ಕಕ್ಕುವ ತಂಟೆ ಇಲ್ಲ. ಸುಗ್ಗಿಯಲ್ಲಿ ತಾಯಂದಿರು ಮೆಣಸಿನಕಾಯಿ ತೊಟ್ಟು ಬಿಡಿಸೋಕೆ ಹೋಗುತ್ತಾರೆ, ಅಜ್ಜಿ ಮನೆಯಲ್ಲೇ ಇರುತ್ತಾರೆ. ಎರಡು ನಿಮಿಷದಿಂದ ಶುರು, ಹತ್ತಕ್ಕೆ ಬರೋಕೆ ತಿಂಗಳು ಬೇಕು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 30 ನಿಮಿಷ ಅನ್ನುತ್ತೆ, ಉಳಿದದ್ದು ತಾಯಿಯ ಎದೆ ಮೇಲೆ, ಸಂಜೆ ಕೌದಿ ಮೇಲೆ. ನಿದ್ದೆ ಮಾತ್ರ ಯಾವಾಗಲೂ ಅಂಗಾತ.

ಕೂಸಿನ ಮುಖದಿಂದ ಒಂದು ಗೇಣು ದೂರದಲ್ಲಿ ಮನೆಯ ಸ್ಟೀಲ್ ತಟ್ಟೆ ನಿಲ್ಲಿಸುತ್ತೇನೆ. ಖರ್ಚು ಸೊನ್ನೆ. ಹೊಳಪು ನೋಡೋಕೆ ಕತ್ತು ಎತ್ತುತ್ತೆ, ಮೊಳಕೈ ಊರುತ್ತೆ. ಅಜ್ಜಿ ಮಾತಾಡಿಸಿದರೆ "ಊಂ" ಅಂತ ಉತ್ತರ ಕೊಡುತ್ತೆ. ಅಜ್ಜಿ ನಿಲ್ಲಿಸಿ ಕಾಯಬೇಕು, ಅದೇ ಕಷ್ಟ! ನಾಲ್ಕು ತಿಂಗಳ ಹೊತ್ತಿಗೆ ಬಳೆ ಹಿಡಿದರೆ ಕೈ ಚಾಚುತ್ತೆ. ಚಲನೆ, ನೋಟ, ಮಾತು, ಒಡನಾಟ ಎಲ್ಲ ಇದರಲ್ಲೇ ಬಂತು. ಒಂದೊಂದಕ್ಕೂ ಬೇರೆ ಬೇರೆ ಚಟುವಟಿಕೆ ಹೇಳಿಕೊಡೋಕೆ ಯಾರಿಗೆ ಪುರುಸೊತ್ತಿದೆ?

ನಡುವೆ ಕೂಸುಗಳಿಗೆ ಯಾವ ಸದ್ದು ಹಿಡಿಸುತ್ತೆ ಅಂತಲೂ ನೋಡಿದೆ. ಡಬ್ಬಿಯಲ್ಲಿ ಜೋಳ ಹಾಕಿ ಅಲ್ಲಾಡಿಸಿದರೆ ಬೆಚ್ಚಿಬೀಳುತ್ತವೆ. ಚನ್ನಪಟ್ಟಣದ ಮರದ ಗಿಲಕಿ, ನೂರು ರೂಪಾಯಿ ಆಸುಪಾಸು, ಅದಕ್ಕೆ ಮೆಲ್ಲಗೆ ತಲೆ ತಿರುಗಿಸುತ್ತವೆ. ಅಳೋ ಕೂಸನ್ನು ಮತ್ತೆರಡು ನಿಮಿಷ ಬೋರಲೇ ಇರಿಸೋಕೆ ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯಲ್ಲ, ಅಂಗನವಾಡಿ ಟೀಚರ್‌ಗಳ ಸರ್ಕಲ್ ಮೀಟಿಂಗ್‌ನಲ್ಲಿ ಚಹಾ ಕುಡಿಸಿದವರಿಗೆ ಹೇಳುತ್ತೇನೆ.

ಈ ಸಲದ ಹತ್ತು-ಹನ್ನೆರಡು ಕೂಸುಗಳಲ್ಲಿ ನಾಲ್ಕು ತಿಂಗಳಿಗೂ ಕತ್ತು ನಿಲ್ಲದ್ದು ಒಂದೇ. ಅದು ಎರಡು ತಿಂಗಳು ಮುಂಚೆ ಹುಟ್ಟಿದ್ದು. ಹೆರಿಗೆಗೆ ಕೊಟ್ಟಿದ್ದ ತಾರೀಖಿನಿಂದ ಎಣಿಸಿದರೆ ಅದೂ ಸರಿಯಾಗೇ ಇತ್ತು. ಆದರೂ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಕಾರ್ಯಕ್ರಮ) ಡಾಕ್ಟರಿಗೆ ತೋರಿಸಿದೆ. ಸದ್ಯ ಈ ಮನೆಗಳಲ್ಲಿ ನನ್ನ ಜಗಳ ವಾಕರ್ ಜತೆ. ಒಬ್ಬರು ಆಗಲೇ ತಂದಿಟ್ಟುಕೊಂಡಿದ್ದಾರೆ, ಕೂಸಿಗಿನ್ನೂ ಸೊಂಟವೇ ನಿಂತಿಲ್ಲ.