ಶಿವಮೊಗ್ಗದ ಕೋಟೆ ಪ್ರದೇಶದಲ್ಲಿ ಒಂದು ದಿನ ಕಳೆಯುವ ಬಗೆ
ನಗರದ ನಡುವೆಯೂ ಹಳ್ಳಿಯ ನಿಧಾನವನ್ನು ಉಳಿಸಿಕೊಂಡಿರುವ ತುಂಗಾತೀರದ ಕೋಟೆ ಪ್ರದೇಶವನ್ನು ನೋಡಬಯಸುವವರು ವಾಹನವನ್ನು ದೂರದಲ್ಲೇ ನಿಲ್ಲಿಸಿ, ಬಿಸಿಲೇರುವ ಮುನ್ನ ನಡೆದೇ ಒಳಹೋಗಬೇಕು. ಸೀತಾರಾಮಾಂಜನೇಯನ ದರ್ಶನ ಮುಗಿಸಿ ಶಿವಪ್ಪನಾಯಕನ ಅರಮನೆಗೆ ಹೋಗಿರಿ. ಇಲ್ಲಿ ಅವಸರ ಸಲ್ಲದು. ಅರಮನೆಯ ಆವರಣದಲ್ಲಿರುವ ವೀರಗಲ್ಲುಗಳನ್ನು, ಅಂದರೆ ಕಾಳಗದಲ್ಲಿ ಮಡಿದ ವೀರರ ನೆನಪಿನ ಕಲ್ಲುಗಳನ್ನು, ಕೆಳಗಿನಿಂದ ಮೇಲಕ್ಕೆ ಓದಬೇಕು: ಸಾಮಾನ್ಯವಾಗಿ ಕೆಳಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಸ್ವರ್ಗಕ್ಕೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ ಕಾಣುತ್ತಾರೆ. ನನ್ನ ಮಟ್ಟಿಗೆ ಇಡೀ ದಿನದ ಸಾರ್ಥಕ ಗಳಿಗೆ ಇದೇ. ಊಟದ ಬಳಿಕ ಕೋರ್ಪಲಯ್ಯನ ಛತ್ರದ ಕಡೆಗೆ ನಡೆದು, ಅಲ್ಲಿ ಹೊಳೆಯ ಮಂಟಪವನ್ನು ನೋಡಿರಿ; ಈ ಮಂಟಪ ಮುಳುಗಿತೆಂದರೆ ತುಂಗೆ ತುಂಬಿದಳೆಂದು ಊರವರ ಲೆಕ್ಕ. ಮಳೆಗಾಲದಲ್ಲಿ ಮಾತ್ರ ನೀರಿಗಿಳಿಯದೆ ದಡದಲ್ಲೇ ನಿಲ್ಲಬೇಕು. ಜಗಲಿಯಲ್ಲಿ ಕುಳಿತ ಹಿರಿಯರ ಚಿತ್ರ ತೆಗೆಯುವ ಮೊದಲು ನಮಸ್ಕರಿಸಿ ಅನುಮತಿ ಕೇಳಿರಿ. ಸಂಜೆಗೆ ಗಾಂಧಿ ಬಜಾರು ಹತ್ತಿರದಲ್ಲೇ ಇದೆ.